ಶೇಂಗಾನ ಗಾದಿ

ಶಿರೂರ ಪಾರ್ಕಿನ ಎರಡನೇ ಅಡ್ಡರಸ್ತಾ,
ಮೆಣಸಿನಕಾಯಿ ಅವರ ಮನಿ.
ಅಡ್ಡಹೆಸರು ಮೆಣಸಿನಕಾಯಿ, ಖರೆ
ಒಳಗ ಎಲ್ಲೂ ಒಂದು ಕೆಂಪಿಲ್ಲ.
ಗ್ವಾಡಿ ಬೂದಿ, ಪರದೆ ಬೂದಿ, ಸೋಫಾ
ಮಳಿ ತರದ ಮುಗಿಲಿನ ಬೂದಿ.
ಚಪ್ಪಲಿ ಬಾಗಲದಾಗ ಬಿಟ್ಟು ಹೋದೆ.
ನನ್ನ ಹಿಮ್ಮಡದ ಧೂಳಿಗೂ ಅಲ್ಲಿ
ಬಣ್ಣ ಹೊಂದ್ಲಿಲ್ಲ.

"ಕಾಕಾ, ನಾಯಿಗೊಂದು ಗಾದಿ ಬೇಕು,"
ಅಂದ್ರು ನಮ್ರತಕ್ಕಾರು.
"ಆದ್ರ ನಾಯಿ ಗಾದಿ ಅಂತ ಗೊತ್ತಾಗಬಾರದು.
ಬಂದವರು ನೋಡಿದ್ರ
ಸೋಫಾ ಮರಿ ಹಾಕೇತಿ ಅನಬೇಕು."

ನಾನು ಬುಡ್ಡೇಸಾಬ ನದಾಫ.
ನಾಕು ತಲಿಯಿಂದ ಹತ್ತಿ ಬಡದ ಮನಿತನ.
ಬಾಣಂತಿಗೆ ಹಾಸಿಗಿ, ಮದವಿಗೆ ಜೋಡಗಾದಿ,
ವಕೀಲರ ಬೆನ್ನಿಗೆ ಲೋಡು,
ಎಲ್ಲಾರ ಅಳತಿ ತಗೊಂಡೀನಿ.
ನಾಯಿದು ಇದ ಮೊದಲು.

ಹೆಸರು ಶೇಂಗಾ. ಬಣ್ಣಾನೂ ಹಂಗ,
ಹುರದ ಶೇಂಗಾದ ಸಿಪ್ಪಿ.
ಮುದುಡಿ ಮಲಗಿತ್ತು, ಚಕ್ಕಲಿ ಸುತ್ತಿದಂಗ.
ಎರಡು ಅಡಿ ಅಂತ ಬರಕೊಂಡು
ಪೆನ್ಸಿಲ್ಲು ಕಿವಿಗೆ ಸಿಗಿಸೋದ್ರಾಗ
ಮೈ ಚಾಚಿತು: ಮೂರೂವರೆ.
ಅಳಸಿ ಬರದೆ. ಅಂಗಾತ ಹೊಳ್ಳಿತು,
ನಾಕೂ ಕಾಲು ನಾಕು ದಿಕ್ಕಿಗೆ.
ಟೇಪು ಸುತ್ತಿ ಕಿಸೆದಾಗ ಇಟ್ಟೆ.

ಅಕ್ಕಾರು ಒಂದೊಂದ ತೋರಿಸಿದ್ರು.
ಬಟ್ಟಲಕ್ಕ ಸಾಗವಾನಿ ಪೀಠ,
ಕೊಳ್ಳಪಟ್ಟಿಗೆ ಹಿತ್ತಾಳಿ ಗೂಟ,
ಬಿಸ್ಕೀಟಿನ ಡಬ್ಬಿ ಟೀವಿ ಮಗ್ಗಲಕ
ದಪ್ಪ ಪುಸ್ತಕದ ವೇಷ ಹಾಕಿ ಕುಂತಿತ್ತು.
ಚೆಂಡು ಸುದ್ದಾ ಬೂದಿ.
ಒಗದ್ರ ಗಾಲೀಚೆದಾಗ ಕಾಣಂಗಿಲ್ಲ.
ಶೇಂಗಾ ಮೂಗಿಲೆ ಹುಡಕತೈತಿ,
ಅಕ್ಕಾರು ಎಡವಿದ ಮ್ಯಾಲೆ.

ಒಂದ ಮಾತ್ರ ತಪ್ಪಿಸಿಕೊಂಡಿತ್ತು:
ಬಾಲ್ಕನಿ ಮೂಲ್ಯಾಗ ನೀರಿನ ತಟ್ಟಿ.
ಕೆಂಪ ಪ್ಲಾಸ್ಟಿಕ್ಕು, ಅಂಚೆಲ್ಲಾ ಹಲ್ಲಿನ ಗುರ್ತು,
ದುರ್ಗದಬೈಲಿನ್ಯಾಗ ಇಪ್ಪತ್ತು ರೂಪಾಯಿದ್ದು.
"ಇದನ್ನ ಬಿಟ್ಟು ಬ್ಯಾರೆದ್ರಾಗ ಕುಡಿಯಂಗಿಲ್ರಿ.
ಮಂದಿ ಬಂದ್ರ ಮುಚ್ಚಿಡ್ತೇನಿ," ಅಂದ್ರು,
ಸಾಲಿಗೆ ಹೋಗದ ಮಗನ ಹಟ ಹೇಳಿದಂಗ.

ಸೋಫಾದ ಅರಬಿ ಮುಟ್ಟಿ ನೋಡಿದೆ.
ಬೂದಿ ಮ್ಯಾಲೆ ಕಂದು ಕೂದಲ,
ಸೂಜಿ ಮರತು ಹೋದಂಗ ಚುಚ್ಚಿದ್ವು.
ದಿನಾ ಎರಡ ಹೊತ್ತು ಅಂಟಿನ ಉರುಳಿ ಹಚ್ಚಿ
ಮಣಕಾಲ ಮ್ಯಾಲೆ ಕುಂತು ತಗೀತಾರಂತ.
"ತಪ್ಪ ತಿಳೀಬ್ಯಾಡ್ರಿ ಅಕ್ಕಾರ,
ನಾಯಿನ್ನ ಬಣ್ಣದಾಗ ಅದ್ದಾಕ ಬರಂಗಿಲ್ಲ.
ಈ ಅರಬಿ ಹೆಂಗೂ ಸವದೈತಿ.
ಮುಂದ ಬದಲಸೂವಾಗ ಒಂದೀಟು
ಶೇಂಗಾನ್ನ ಅಂಗಡಿಗೆ ಕರಕೊಂಡ ಹೋಗ್ರಿ."

ಅಕ್ಕಾರು ನಗಲಿಲ್ಲ. ಬಗ್ಗಿ
ಥಾನು ಬಿಚ್ಚಿ ನೋಡೂ ಹಂಗ ನೋಡಿದ್ರು:
ಕಿವಿ ಹಿಂದ ಸುಟ್ಟ ಬೆಲ್ಲ,
ಹೊಟ್ಟಿ ಕೆಳಗ ಕೆನಿ,
ಬಾಲದ ತುದಿಗೆ ಚೂರ ಬಿಳಿ.
ತಂದು ಆರ ವರ್ಷ ಆಗಿತ್ತಂತ.
"ಇದು ಯಾವಾಗ ಬಂತು, ಈ ಬಿಳಿ?" ಅಂದ್ರು.
ನನ್ನ ಕೇಳಿದ್ರೋ, ನಾಯಿನ್ನೋ.

ಹಳೇ ಹುಬ್ಬಳ್ಳಿ, ರಾತ್ರಿ ಒಂಬತ್ತು.
ಹೊಸಾ ಜಯಧರ ಹತ್ತಿ ಬಿಡಿಸಿ ತುಂಬಿದೆ,
ನಡುವ ಒಂದು ಹಿಡಿ ಕಡಿಮಿ.
ಮೂರ ಸುತ್ತ ತಿರುಗೇ ಮಲಗೂ ಜಾತಿ,
ತಗ್ಗು ತಾನ ಹುಡಕೂದು ಬ್ಯಾಡ ಅಂತ.
ಒಳಚೀಲಕ್ಕ ಕೆಂಪ ಅರಬಿ ಹಚ್ಚಿದೆ,
ಮನಿ ಹೆಸರಿಗರೆ ಇರಲಿ.

ಮೊಮ್ಮಗಳು ತಸ್ಮಿಯಾ ಓದೂದು ಬಿಟ್ಟು ಬಂದ್ಳು.
"ದಾದಾ, ನಾಯಿಗೆ ಕೆಂಪು ಕಾಣಂಗಿಲ್ಲ.
ನಮ್ಮ ಟೀಚರ್ ಹೇಳ್ಯಾರ."
ಹೌದೇನು ಅಂದೆ. ಸೂಜಿ ನಿಂತಿತು.
ಹಂಗಾರ ಆ ತಟ್ಟಿ ಕೆಂಪಂತ
ಅದಕ್ಕ ಗೊತ್ತ ಇಲ್ಲ.
ತಂದು ಅಂತ ಅಷ್ಟ ಗೊತ್ತು.

ದಾರ ಪೋಣಿಸಿ ಕೊಡವಾ ಅಂದೆ,
ಕಣ್ಣು ಈಗೀಗ ಮಂಜು.
ಯಾವ ಬಣ್ಣದ್ದು ಅಂತ ಕೇಳಿದ್ಳು.
ಬೂದಿ, ಅಂದೆ. ಹೇಳಿದಂಗ ಹೊಲೀಬೇಕಲ್ಲ,
ಮ್ಯಾಲಿಂದು.