ಕಳ್ಳಗಾಳಿ

ಮೂವತ್ತೆಂಟು ವರ್ಷದಿಂದ ಅಕಾರ್ಡಿಯನ್ನಿನ ತಿದಿಗೆ
ತೊಗಲು ಮೆತ್ತುತ್ತ ಬಂದವಳು ನಾನು,
ಕಸ್ತೆಲ್ಫಿದಾರ್ದೊದ ಈ ಇಳಿಜಾರು ಓಣಿಯಲ್ಲಿ.
ಮಡಿಕೆಗೊಂದು ಪಟ್ಟಿ, ಮೂಲೆಗೊಂದು ಕುರಿಮರಿ ಚರ್ಮ.
ಸೂಜಿಮೊನೆಯಷ್ಟು ತೂತಿದ್ದರೂ
ಸ್ವರ ಏಳುವ ಮೊದಲೇ
ನನ್ನ ಕೆನ್ನೆಗೆ ಗೊತ್ತಾಗುತ್ತದೆ.

ನಜ್ಜರೇನೊ ತನ್ನ ಹಳೇ ಗಿಲೆರಾ ತಳ್ಳಿಕೊಂಡು
ಏದುಸಿರು ಬಿಡುತ್ತ ಬಂದು
"ಸೆತ್ತೀಮಿಯಾ, ಒಂಚೂರು ಕೇಳು" ಅಂದ.
ನೋಡು ಅನ್ನಲಿಲ್ಲ.

ಐದನೇ ಕಿಕ್ಕಿಗೆ ಎದ್ದಿತು ಗಾಡಿ.
ಥ್ರಾಟಲ್ ಬಿಟ್ಟರೂ ಸದ್ದು ಇಳಿಯಲೊಲ್ಲದು,
ಜಗಳ ಮುಗಿದ ಮೇಲೂ
ಬಾಗಿಲಲ್ಲೇ ನಿಂತು ಬಯ್ಯುವವರ ಹಾಗೆ.
ಆಮೇಲೆ ಥಟ್ಟನೆ ಕುಸಿತ. ಮತ್ತೆ ಏರು.
ಇಳಿಜಾರಲ್ಲಿ ಸೈಲೆನ್ಸರು ಪಟಾರ್ ಅನ್ನುತ್ತದಂತೆ,
ಪಾದ್ರಿ ಎರಡು ಸಲ ಹೊರಗೆ ಬಂದು ನೋಡಿದನಂತೆ.
ಪ್ಲಗ್ಗು ಬಿಚ್ಚಿದರೆ ಮೂಳೆಯಂತೆ ಬಿಳಿ.

ಜೆಟ್ ಬದಲಿಸು ಅಂದಿದ್ದ ಒಬ್ಬ. ಬದಲಿಸಿದ್ದ.
ಕಾಯಿಲ್ ಅಂದಿದ್ದ ಇನ್ನೊಬ್ಬ. ಅದನ್ನೂ.
ಬಾರಿನಲ್ಲಿ ಕೂತವರೆಲ್ಲ
ಪೆಟ್ರೋಲೇ ಮೊದಲಿನಂತಿಲ್ಲ ಅಂದು
ಮತ್ತೊಂದು ಲೋಟ ತರಿಸಿಕೊಂಡಿದ್ದರು.

"ಪೆಟ್ರೋಲು ಕಮ್ಮಿಯಾಗಿಲ್ಲ ಮಾರಾಯ,
ಗಾಳಿ ಹೆಚ್ಚಾಗಿದೆ.
ಹೆಬ್ಬಾಗಿಲಲ್ಲಿ ಲೆಕ್ಕ ಕೊಟ್ಟು ಬರುವ ಗಾಳಿಯಲ್ಲ,
ಬೇಲಿ ಹಾರಿ ಬರುವುದು."

ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಂದೆ.
ಕಾರ್ಬುರೇಟರಿನ ಸುತ್ತ ಒಂದೊಂದೇ ಹನಿ.
ಕ್ಲಿಪ್ಪಿನ ಬಳಿ, ಏನಿಲ್ಲ.
ರಬ್ಬರಿನ ಬಳಿ, ಏನಿಲ್ಲ.
ಇಂಟೇಕ್ ಕೊಳವೆ ಹೆಡ್ಡಿಗೆ ಕೂಡುವಲ್ಲಿ,
ಕೆಳಬದಿಗೆ, ಕಣ್ಣಿಗೆ ಕಾಣದ ಕಡೆ
ಗುಳುಕ್ ಎಂದು ಕುಡಿಯಿತು ನೀರನ್ನು.
ಸದ್ದು ಅರ್ಧ ಸ್ವರ ಇಳಿಯಿತು.
ಒಂದೇ ಉಸಿರಿನಷ್ಟು ಹೊತ್ತು
ಎಂಜಿನ್ ಸರಿಯಾಗಿ ಹಾಡಿ, ಮತ್ತೆ ಕೆಟ್ಟಿತು.
ನಜ್ಜರೇನೊಗೆ ಕೇಳಿಸಲೇ ಇಲ್ಲ.

ಬಿಚ್ಚಿದೆವು. ಕೊಳವೆಯ ಬಾಯಿಗೆ
ಉಕ್ಕಿನ ಅಡಿಪಟ್ಟಿ ಅಡ್ಡ ಹಿಡಿದು
ಕಿಟಕಿಗೆ ಎತ್ತಿದರೆ ಅಡಿಯಿಂದ
ಬೆಳಕಿನ ಒಂದು ಸೀಳು.
ನಟ್ಟು ಕೂರುವ ಎರಡು ಕಿವಿ ಮುಂದಕ್ಕೆ ಬಾಗಿ
ನಡು ಹಿಂದೆ ಸರಿದಿತ್ತು.

"ಇಷ್ಟು ಕಿವಿ ಹಿಂಡಿದ್ದು ಯಾರು?"

ಅವನು ಎಣ್ಣೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ.
"ಡೆಲ್ಫೀನಾ ಪೆಸರೊಗೆ ಹೋದಳಲ್ಲ, ಆ ವಾರ
ಮನೆಯಲ್ಲಿ ಇದ್ದದ್ದನ್ನೆಲ್ಲ ಬಿಗಿದೆ.
ನಲ್ಲಿ. ಬಾಗಿಲ ತಿರುಗಣೆ. ಮಂಚದ ಕಾಲು.
ಆಮೇಲೆ ಬಿಗಿಯುವುದಕ್ಕೆ ಇದೊಂದೇ ಉಳಿದಿತ್ತು."

ಡೆಲ್ಫೀನಾ ನನ್ನ ತಂಗಿ.
ಪ್ರತಿ ಭಾನುವಾರ ಫೋನು ಮಾಡುತ್ತಾಳೆ.
ಅದನ್ನು ಹೇಳಲಿಲ್ಲ.

ಮೇಜಿನ ಮೇಲೆ ಗಾಜು, ಗಾಜಿನ ಮೇಲೆ
ಒದ್ದೆ ಮರಳುಕಾಗದ.
ಕೊಳವೆಯ ಬಾಯಿ ಕೆಳಗೆ ಮಾಡಿ
ಒತ್ತದೆ, ಜಡೆ ಹೆಣೆದ ಹಾಗೆ
ಸುತ್ತಿಸಿ ಸುತ್ತಿಸಿ ತೇಯುವುದು.
ಮೊದಲು ಕಿವಿಗಳಷ್ಟೇ ಹೊಳೆದವು.
ಅವನು ತೇಯ್ದ, ನಾನು ತೇಯ್ದೆ,
ಬೂದುನೀರು ಮೊಣಕೈವರೆಗೆ ಇಳಿಯಿತು.
ಕೊನೆಕೊನೆಗೆ ನಡುವೂ ಮಿಂಚಿತು.

ತಿದಿಗೆಂದು ಎತ್ತಿಟ್ಟ ದಪ್ಪ ಕಾಗದದಲ್ಲಿ
ಗ್ಯಾಸ್ಕೆಟ್ ಕತ್ತರಿಸಿದೆ. ಎರಡು ತೂತು ಚಿಕ್ಕವು, ಒಂದು ದೊಡ್ಡದು,
ಬೆಕ್ಕಿನ ಮುಖದ ಹಾಗೆ ಕಂಡಿತು, ಇಬ್ಬರೂ ನಕ್ಕೆವು.

"ಈಗ ಇಲ್ಲಿ ಕಾಲು ಸುತ್ತು. ಅಲ್ಲಿ ಕಾಲು ಸುತ್ತು.
ಮತ್ತೆ ಇಲ್ಲಿ.
ಸಾಕು."
"ಇಷ್ಟೇನಾ?"
"ಸಾಕು ಅಂದೆನಲ್ಲ."

ಎರಡನೇ ಕಿಕ್ಕಿಗೆ ಎದ್ದಿತು.
ಬಿಟ್ಟಾಗ ಇಳಿಯಿತು. ಇಳಿದಲ್ಲಿ ನಿಂತಿತು.
ಜೆಟ್ ಮೊದಲಿನದೇ ಹಾಕಿಕೋ ಅಂದೆ.
ಮುಸೋನೆ ನದಿಯ ಕಡೆಗೆ ಅವನು ಇಳಿದು ಹೋಗುವಾಗ
ಕೊನೆಯ ತಿರುವಿನವರೆಗೆ ಕೇಳಿಸಿಕೊಂಡೆ:
ಒಂದು ಪಟಾರ್ ಕೂಡ ಇಲ್ಲ.

ಅವನ ಉದ್ದ ಹಿಡಿಯ ಸ್ಪ್ಯಾನರ್ ಇನ್ನೂ ನನ್ನ ಹತ್ತಿರವಿದೆ.
ಬದಲಿಗೆ ನನ್ನದೊಂದು ಕೊಟ್ಟು ಕಳಿಸಿದೆ,
ಕಿರುಬೆರಳುದ್ದದ್ದು.