ವಾರ ಬಿಟ್ಟು ವಾರ

ಫ್ರಿಜ್ಜಿನೊಳಗ ಹಾಲಿನ ಪಾಕೀಟಿನ ಹಿಂದ,
ಶೇಂಗಾ ಚಟ್ನಿ ಡಬ್ಬಿಗಿ ತಾಗದಂಗ ಮಲಗ್ಯದ ಪೆನ್ನು.
ಬರಿಯೂದಲ್ಲ. ಚುಚ್ಚೂದು.
ವಾರ ಬಿಟ್ಟು ವಾರ, ಶುಕ್ರವಾರ,
ಹೊರಗ ತೆಗದು ಅರ್ಧ ತಾಸು ಕಟ್ಟಿಮ್ಯಾಲ ಇಡತೀನಿ,
ಥಂಡಿ ಬಿಡಲಿ ಅಂತ. ಅಷ್ಟರಾಗ ಹಿಟ್ಟು ಸಾಣಸತೀನಿ.

ಸೊಲ್ಲಾಪುರದ ಬಾಳಿವೇಸಿನೊಳಗ
ಈ ಓಣಿ ಏಳತಿದ್ದದ್ದ ನನ್ನ ಕೈ ಸಪ್ಪಳಕ್ಕ.
ದಿನಾ ನೂರಾ ಇಪ್ಪತ್ತು ಕಡಕ ರೊಟ್ಟಿ.
ಒಂದು ಮುಂಜಾನಿ ಬೆರಳು ಮಡಚಲಿಲ್ಲ.
ಚಹಾದ ಬಸಿ ಹಿಡಿಲಿಕ್ಕ ಎರಡೂ ಅಂಗೈ ಬೇಕಾದವು.
ವಾಯು ಅಂದ್ರು, ಎಣ್ಣಿ ತಿಕ್ಕಿದ್ರು, ತಾಯತ ಕಟ್ಟಿದ್ರು.
ತಾಯತದ ದಾರನೂ ಬಿಗಿ ಆತು,
ಮಣಿಕಟ್ಟು ಅಷ್ಟು ಬಾತಿತ್ತು.

ಡಾಕ್ಟರಬಾಯಿ ಕೇಳಿದ್ರು: "ದುಖತಂಯ ಕಾ?"
ನಾ ಅಂದೆ, ದುಃಖ ಇಲ್ಲರೀ, ನೋವಷ್ಟ ಅದ.
ಅವರು ನಕ್ರು. ನಾನೂ ನಕ್ಕೆ.

ಮೈಯೊಳಗಿನ ಉರಿ ನಿಮ್ಮನ್ನ ಸುಡಲಿಕ್ಕತ್ಯದ, ಅಂದ್ರು,
ಇದು ಅದನ್ನ ಸಣ್ಣ ಮಾಡತದ.
ಉರಿ ಅಂದ್ರ ನನಗ ಯಾರೂ ಹೇಳಿಕೊಡೂದು ಬ್ಯಾಡ.
ದೊಡ್ಡದಾದ್ರ ರೊಟ್ಟಿ ಕರಕ. ಸಣ್ಣದಾದ್ರ
ಹಸಿ ಉಳದು ಮೂರನೇ ದಿನಕ್ಕ ಬೂಸರ.
"ಹಂಗ ಅದರೀ," ಅಂದ್ರು, ಕನ್ನಡಕ ತೆಗದು.
"ಅದಕ್ಕ ಕೇಳತೀನಿ.
ಮನ್ಯಾಗ ಯಾರಿಗರ ಕ್ಷಯ ಇತ್ತೇನು?"

ಮಿಲ್ಲಿನ ಚಾಳಿನೊಳಗ ಸೋದರಮಾವ
ಕೆಮ್ಮಿ ಕೆಮ್ಮಿ ಹೋದದ್ದು
ಯಾರೂ ಬಾಯಿಬಿಟ್ಟು ಅಂದಿದ್ದಿಲ್ಲ. ದಮ್ಮು ಅಂತಿದ್ರು.
ಅವನ ತೊಡಿಮ್ಯಾಲ ಕೂತು ಉಂಡಾಕಿ ನಾ.
ಆ ಉಸಿರು ನಲವತ್ತು ವರ್ಷ
ನನ್ನೊಳಗ ಹೊದ್ದು ಮಲಗಿತ್ತಂತ, ರಕ್ತ ಹೇಳಿತು.
ಅದು ಏಳಬಾರದಂತ ಮೊದಲ ಮೂರು ತಿಂಗಳ ಗುಳಿಗಿ.
ಉಚ್ಚಿ ಕೇಸರಿ ಬಣ್ಣ. ಅಂಜಿದೆ.
ಅದು ಗುಳಿಗಿ ಬಣ್ಣ, ಅಂದಳು ನರ್ಸ್.

ಆಮ್ಯಾಲ ಪೆನ್ನು.
ಹೊಕ್ಕಳ ಬಿಟ್ಟು ಎರಡ ಬೆರಳ ಅತ್ಲಾಗ, ಚಿವುಟಿ ಹಿಡದು, ಟಕ್.
ಹತ್ತರ ತನಕ ಎಣಸೂದು. ತಿಕ್ಕಬಾರದು.
ಆರನೇ ಸರತಿಗಿ ಮುಷ್ಟಿ ಮಡಚಿತು.
ಮೊಮ್ಮಗಳ ಮುಂದ ಹಿಡದೆ: ಬಿಡಸು ನೋಡೋಣು.
ಆಗಲಿಲ್ಲ ಆಕಿಗಿ.

ಇವತ್ತ ಶುಕ್ರವಾರ.
ಬಿರಾಜದಾರರ ಮದವಿಗಿ ಇನ್ನೂರು ರೊಟ್ಟಿ ಒಪ್ಪೀನಿ.
ಮೈ ಕಾದದ. ನೂರಾ ಒಂದು.
ಜ್ವರ ಬಂದ್ರ ಚುಚ್ಚಬ್ಯಾಡ, ಸೀದಾ ಬಾ, ಅಂದಾರ.
ಚುಚ್ಚದಿದ್ರ ಬೆರಳು. ಚುಚ್ಚಿದ್ರ ಮಾವನ ಕೆಮ್ಮು,
ಇಲ್ಲಾ ಇನ್ನೇನೋ, ಹೆಸರಿಲ್ಲದ್ದು.
ಥರ್ಮಾಮೀಟರ ಹಿಟ್ಟಿನ ಡಬ್ಬಿಯೊಳಗ ಹುಗಿದೆ.
ಒಂದು ಉಂಡಿ ತಗೊಂಡು ಬಡಿಲಿಕ್ಕ ಕೂತೆ.
ನಡುವ ಎದ್ದೆ. ಹಿಟ್ಟಿನ ಕೈಲೇ ಫೋನ ಹಚ್ಚಿದೆ.

ಕಟ್ಟಿಮ್ಯಾಲ ಪೆನ್ನು ಥಂಡಿ ಬಿಟ್ಟದ.
ನಾ ಬಿಸಿ ಬಿಟ್ಟಿಲ್ಲ.
ಓಣಿ ತುದಿಗಿ ಇಸ್ಮಾಯಿಲನ ರಿಕ್ಷಾ ಹಾರ್ನ್ ಹೊಡಿಲಿಕ್ಕತ್ಯದ.
ಹಲಗಿಮ್ಯಾಲ ಅರ್ಧ ಬಡದ ರೊಟ್ಟಿ,
ಅದರ ಅಂಚಿಗಿ ಐದೂ ಬೆರಳು, ನೆಟ್ಟಗ.