ಹನ್ನೆರಡರ ಬಿಸಿ

ಭಟ್ಟಿಯ ಬಾಗಿಲು ತೆಗೆದು, ಕೈ ಒಳಗೆ ಚಾಚಿ ಎಣಿಸುತ್ತೇನೆ.
ನಾಲ್ಕಕ್ಕೆ ಕೈ ಕಿತ್ತುಕೊಂಡರೆ ಬನ್ನಿನ ಬಿಸಿ,
ಏಳಕ್ಕೆ ರಸ್ಕಿನದು.
ನೀಲಗಿರಿ ಕೆಂಡವೆಲ್ಲ ಬೂದಿ ಹೊದ್ದು ಮಲಗಿ,
ಚಿಂತಾಮಣಿ ಕಡೆಯ ಕೊನೆಯ ಬಸ್ಸೂ ಶಿಡ್ಲಘಟ್ಟ ಬಿಟ್ಟ ಮೇಲೆ
ಹನ್ನೆರಡರವರೆಗೆ ಕೈ ತಾಳಿದರೆ
ಅದು ಗೂಡಮ್ಮನ ಬಿಸಿ.

ಗೂಡಿನ ಮಾರ್ಕೆಟ್ಟಿನ ಹಿಂದೆ, ಮುರಿದ ಚಂದ್ರಿಕೆಯೊಂದರಲ್ಲಿ
ಬಾಲದಿಂದ ಮೂಗು ಮುಚ್ಚಿ ಬೆಳ್ಳಗೆ ಸುತ್ತಿಕೊಂಡಿದ್ದಳು,
ಹರಾಜಿನಲ್ಲಿ ಯಾರೂ ಕೂಗದೆ ಬಿಟ್ಟ ಗೂಡು.
ಹೆಸರು ಅಲ್ಲೇ ಬಿತ್ತು.

ಹತ್ತು ವರ್ಷ ಬನ್ನು ಹಾಕಿದೆ.
ಅಂಚು ಸೀದದ್ದು, ಮೂಲೆ ಚಪ್ಪಟೆಯಾದ ಕೇಕು,
ಹೊಟ್ಟೆ ಒಡೆದ ದಿಲ್‌ಪಸಂದು.
ಪ್ರೀತಿ ಅಂದುಕೊಂಡಿದ್ದೆ.
ಮಾರಾಟವಾಗದ್ದು ಅದು.

ಗುಂಡಗಾದಳು. ಕೆರೆದು ಕೆರೆದು
ಬೆನ್ನ ಮೇಲೆ ಅಂಗೈಯಗಲ ಬಟ್ಟಬಯಲು.
ಪಶು ಆಸ್ಪತ್ರೆಯ ಡಾಕ್ಟರಮ್ಮ ಅವಳ ಹಲ್ಲು ನೋಡಿ,
ನನ್ನ ಹೊಟ್ಟೆ ನೋಡಿ ಕೇಳಿದರು:
"ಇಬ್ಬರಲ್ಲಿ ಪೇಷಂಟು ಯಾರು?"
ಚೀಟಿ ತುಂಬ ಔಷಧಿಗಿಂತ ಬೇಡಗಳೇ.
ಮೈದಾ ಬೇಡ, ಸಕ್ಕರೆ ಬೇಡ, ಉಪ್ಪು ಬೇಡ,
ಈರುಳ್ಳಿ ದ್ರಾಕ್ಷಿ ಚಾಕಲೇಟು ಮೂಸಿಸಲೂ ಬೇಡ.
ಮೂವತ್ತು ವರ್ಷದ ಕಸುಬು
ಎರಡು ಸಾಲಿನಲ್ಲಿ ಮುಗಿದಿತ್ತು.

ಉಳಿದದ್ದು ರಾಗಿ.
ತಿಪ್ಪೆ ಮೇಲೆ ತಾನಾಗಿ ಹಬ್ಬಿದ ಸಿಹಿಗುಂಬಳ,
ಹುರಿದು ರುಬ್ಬಿದ ಕಡ್ಲೆಕಾಯಿ ಬೀಜ.

ಮೊದಲ ದಿನದ ಬಿಸ್ಕತ್ತು ಕಲ್ಲು.
ಗೂಡಮ್ಮ ಮೂಸಿದಳು, ನನ್ನ ಮುಖ ನೋಡಿದಳು,
ಮರ್ಯಾದೆಯಿಂದ ಕಚ್ಚಿಕೊಂಡು ಹೋಗಿ
ಮಣ್ಣು ಮಾಡಿ ಬಂದಳು.
ಎರಡನೆಯ ದಿನದ್ದು ಹೊರಗೆ ಮಸಿ, ಒಳಗೆ ಮುದ್ದೆ.
ರಾಗಿಗೆ ಮೈದಾದಂತೆ ಜಗ್ಗುವ ಗುಣವಿಲ್ಲ,
ಒತ್ತಾಯ ಮಾಡಿದರೆ ಬಿರಿಯುತ್ತದೆ.
ಅಗಸೆ ಬೀಜ ನೆನೆಸಿದ ಲೋಳೆ ಬೆರೆಸಿದೆ.
ಆಗ ಸ್ವಲ್ಪ ಮಾತು ಕೇಳಿತು.

ಹಿಂದಿನ ಗಲ್ಲಿಯ ಜಬೀನಾ ರೇಷ್ಮೆ ಬಿಚ್ಚುವವಳು.
ಕುದಿನೀರಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು
ಸುಕ್ಕುಗಟ್ಟಿ ಬಿಳುಚಿವೆ.
ಒಂದು ಸಂಜೆ ದುಪಟ್ಟಾದ ಗಂಟು ಬಿಚ್ಚಿ ಸುರಿದಳು,
ನೂಲೆಲ್ಲ ಹೋದ ಮೇಲೆ ಉಳಿದ ಹುಳ,
ಮಹಡಿ ಬಿಸಿಲಲ್ಲಿ ಗರಿಗರಿ ಒಣಗಿದ್ದು.
"ಕೋಳಿ ಫಾರಮ್ಮಿನವ್ರು ತಗೋತಾರೆ ಅಣ್ಣಾ, ಮೀನಿನವ್ರು ತಗೋತಾರೆ.
ನಾಯಿ ಏನು ಪಾಪ ಮಾಡಿತ್ತು?"

ಹುರಿದು ಪುಡಿ ಮಾಡಿ ರಾಗಿಗೆ ಕಲಸಿದೆ.
ಆ ವಾಸನೆ ಊರಿಗೆ ಹೊಸದಲ್ಲ,
ಬೇಕರಿಯಿಂದ ಬರಬಾರದು ಅಷ್ಟೆ.
ಬೆಳಿಗ್ಗೆ ಬ್ರೆಡ್ಡಿಗೆ ಬಂದ ಹೆಡ್‌ಮಾಸ್ತರು ಅಶ್ವತ್ಥನಾರಾಯಣಯ್ಯ
ರಸ್ತೆಯಲ್ಲೇ ನಿಂತು ಮೂಗಿಗೆ ಶಲ್ಯ ಹಿಡಿದರು:
"ಏನಯ್ಯಾ ಪಿಳ್ಳಪ್ಪ, ಬನ್ನಿನಿಂದ ನೂಲು ತೆಗೀತಿದೀಯಾ?"
ಅಂದಿನಿಂದ ಅವಳಿಗೆ ಬೇರೆ ತಟ್ಟೆ,
ಎಣ್ಣೆ ಡಬ್ಬ ಕತ್ತರಿಸಿ ಬಡಿದು ಮಾಡಿದ್ದು.
ರಾತ್ರಿಯಿಡೀ ಕಿಟಕಿ ತೆರೆದೇ ಇರುತ್ತದೆ.

ಆದರೆ ಆ ರಾತ್ರಿ ಗೂಡಮ್ಮ ತಿಂದ ಸದ್ದು!
ಉಳಿದಿರುವ ಹಲ್ಲುಗಳಲ್ಲೇ, ಎಡದವಡೆಯಲ್ಲಿ, ತಲೆ ಓರೆ ಮಾಡಿ.
ಆ ಹುಳದ ಎಳೆ ಯಾರ ಮದುವೆಗೆ ಹೋಯಿತೋ.
ಹುಳ ನನ್ನ ಅಂಗೈಯಲ್ಲಿತ್ತು,
ಅವಳ ನಾಲಿಗೆ
ಬೆರಳ ಸಂದಿಗಳಲ್ಲೂ ಹುಡುಕಿತು.

ಬೆನ್ನ ಬಯಲಲ್ಲಿ ಈಗ ತುಪ್ಪಳ,
ಮೊಳಕೆ ಹುರುಳಿಯಷ್ಟು ಉದ್ದ.

ನನ್ನದು ಬೇರೆ ಕಥೆ. ಸಕ್ಕರೆ ಕಾಯಿಲೆಗೆ
ಬೆರಳು ಮರಗಟ್ಟಿವೆ.
ಎಣಿಕೆ ಹದಿನೈದು ದಾಟಿದರೂ
ಕೈಗೆ ಸುದ್ದಿಯೇ ಮುಟ್ಟುವುದಿಲ್ಲ.
ಹಾಗಾಗಿ ಎಣಿಸುವುದನ್ನು ಬಿಟ್ಟಿದ್ದೇನೆ.
ಬಾಗಿಲು ತೆಗೆದು ಅವಳ ಮುಖ ನೋಡುತ್ತೇನೆ.
ಕಣ್ಣು ಕಿರಿದು ಮಾಡಿ ಹಿಂದಕ್ಕೆ ಸರಿದರೆ,
ಇನ್ನೂ ಇಲ್ಲ.
ಇಬ್ಬರೂ ಮೆಟ್ಟಿಲ ಮೇಲೆ ಕೂರುತ್ತೇವೆ.
ಮೂಗು ತಾನಾಗಿ ಮುಂದೆ ಬಂದಾಗ
ತಟ್ಟೆ ಒಳಗೆ ಹೋಗುತ್ತದೆ.